ಮಂಜು ಯಾವುದು, ಕಲೆ ಯಾವುದು: ಎದೆಯ ಸ್ಕ್ಯಾನ್ ಹೇಳುವುದೇನು

ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಗೆ ಒಂದು ದೊಡ್ಡ ಕಿಟಕಿಯಿದೆ. ದೊಡ್ಡಾಯಿಯ ಎದೆಯ ಸ್ಕ್ಯಾನ್ ಫಿಲ್ಮನ್ನು ಆ ಕಿಟಕಿಯ ಬೆಳಕಿಗೆ ಹಿಡಿದು ನೋಡದವರೇ ಇಲ್ಲ. ಅಣ್ಣ ನೋಡಿದ. ಆಚೆ ಮನೆಯ ಮಾವ ಕನ್ನಡಕ ಹಾಕಿಕೊಂಡು ನೋಡಿದರು. ಅಡಿಕೆ ಸುಲಿಯಲು ಬಂದವರೂ ನೋಡಿದರು. ಒಂದು ಹಾಳೆಯಲ್ಲಿ ಇಪ್ಪತ್ತು ಚೌಕ, ಪ್ರತಿ ಚೌಕದಲ್ಲೂ ಎರಡು ಕಪ್ಪು ಮೊಟ್ಟೆಯಾಕಾರ, ನಡುವೆ ಬಿಳಿ. ಕಪ್ಪು ಇರುವ ಕಡೆ ಹಾಳಾಗಿದೆ ಅಂದರು ಒಬ್ಬರು. ಅಲ್ಲ, ಬಿಳಿ ಇರುವ ಕಡೆ ಅಂದರು ಇನ್ನೊಬ್ಬರು. ದೊಡ್ಡಾಯಿ ಮಾತ್ರ "ಯಂಗೆ ಎಂತೂ ಆಜಿಲ್ಲೆ, ಮಳೆಗಾಲದ ಕೆಮ್ಮು" ಎಂದು ಒಳಗೆ ಹೋದಳು. ಅಡುಗೆಮನೆ ಮುಟ್ಟುವಷ್ಟರಲ್ಲಿ ಬಾಗಿಲಿನ ದಾರಂದ ಹಿಡಿದು ನಿಂತಿದ್ದಳು. ಉಸಿರು ಸಾಲುತ್ತಿರಲಿಲ್ಲ.

ಆ ಕಪ್ಪು ಬಿಳಿಯ ಅರ್ಥ ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ವೈದ್ಯರನ್ನು ಕೇಳಿ ಕೇಳಿ, ಪರದೆಯ ಮೇಲೆ ತೋರಿಸಿಕೊಂಡು ಕಲಿತದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ದೊಡ್ಡ ಲಕೋಟೆ ಹಿಡಿದು ಹುಬ್ಬಳ್ಳಿ ಬಸ್ ಹತ್ತುವವರು ಎಷ್ಟೋ ಜನ ಇದ್ದಾರೆ. ಘಟ್ಟದ ಕೆಳಗಿನವರು ಹೀಗೇ ಮಣಿಪಾಲಕ್ಕೋ ಗೋವಾಕ್ಕೋ ಹೋಗುತ್ತಾರೆ. ಲಕೋಟೆಯೊಳಗೆ ಏನಿದೆ ಎಂಬುದು ಅವರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಉಸಿರಿನ ಕಾಯಿಲೆ ಎಂದರೆ ನಮಗೆ ಥಟ್ಟನೆ ಹೊಳೆಯುವುದು ಮೂರು: ದಮ್ಮು, ಟಿಬಿ, ನ್ಯುಮೋನಿಯಾ. ದೊಡ್ಡಾಯಿಗೆ ಬಂದದ್ದು ಮೂರೂ ಅಲ್ಲ. ನಮ್ಮ ಶ್ವಾಸಕೋಶದಲ್ಲಿ ಎರಡೂ ಕಡೆ ಸೇರಿ 40 ಕೋಟಿಗೂ ಜಾಸ್ತಿ ಪುಟ್ಟ ಗಾಳಿಚೀಲಗಳಿವೆ. ಒಂದೊಂದರ ಗೋಡೆಯೂ ಕಾಗದಕ್ಕಿಂತ ಎಷ್ಟೋ ಪಾಲು ತೆಳು. ಗೋಡೆಯ ಈಚೆ ಗಾಳಿ, ಆಚೆ ರಕ್ತ. ಆಮ್ಲಜನಕ ಈ ತೆಳು ಗೋಡೆಯನ್ನು ದಾಟಿಯೇ ರಕ್ತಕ್ಕೆ ಸೇರಬೇಕು. ಯಾವುದೋ ಕಾರಣಕ್ಕೆ ಈ ಗೋಡೆಯಲ್ಲಿ ಬಾವು ಬಂದರೆ ಅದು ದಪ್ಪವಾಗುತ್ತದೆ. ಗಾಳಿ ಒಳಗೆ ಬರುತ್ತದೆ, ಆದರೆ ರಕ್ತಕ್ಕೆ ದಾಟುವುದಿಲ್ಲ. ಕೂತಾಗ ಏನೂ ಗೊತ್ತಾಗುವುದಿಲ್ಲ. ದರೆ ಹತ್ತಿದರೆ, ಕೊಡ ಎತ್ತಿದರೆ, ಉಸಿರು ಸಿಕ್ಕಿಕೊಳ್ಳುತ್ತದೆ. ಜೊತೆಗೆ ಕಫವೇ ಇಲ್ಲದ ಒಣ ಕೆಮ್ಮು. ಇಂಥ ಕಾಯಿಲೆಗಳು 200ಕ್ಕೂ ಹೆಚ್ಚು ಬಗೆಯವಿವೆ. ಎಲ್ಲಕ್ಕೂ ಸೇರಿ ವೈದ್ಯರು ಐಎಲ್‌ಡಿ ಅನ್ನುತ್ತಾರೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಒಲೆಯ ಕೆಂಡ ತಾಗಿ ಕೈ ಸುಟ್ಟಿತು ಅಂದುಕೊಳ್ಳಿ. ಮೊದಲ ದಿನ ಕೆಂಪಾಗಿ ಊದಿರುತ್ತದೆ. ಅದು ಬಾವು. ಆರೈಕೆ ಮಾಡಿದರೆ ಇಳಿಯುತ್ತದೆ, ಚರ್ಮ ಮೊದಲಿನಂತಾಗುತ್ತದೆ. ಆದರೆ ಸುಟ್ಟದ್ದು ಆಳವಾಗಿದ್ದರೆ, ಅಥವಾ ಅದೇ ಜಾಗಕ್ಕೆ ಮತ್ತೆ ಮತ್ತೆ ಕೆಂಡ ತಾಗುತ್ತಿದ್ದರೆ, ಚರ್ಮ ಗಟ್ಟಿಯಾಗಿ ಸುತ್ತಲಿನದನ್ನೂ ಎಳೆದುಕೊಂಡು ಕಲೆಯಾಗುತ್ತದೆ. ಕಲೆಗೆ ಎಷ್ಟು ಮುಲಾಮು ಹಚ್ಚಿದರೂ ಹಳೆಯ ಚರ್ಮ ಬರುವುದಿಲ್ಲ. ಶ್ವಾಸಕೋಶದಲ್ಲೂ ಇದೇ ಕಥೆ. ಬಾವು ಇದ್ದರೆ ಇಳಿಸಬಹುದು. ಕಲೆಯಾಗಿದ್ದರೆ ಅಳಿಸಲು ಆಗುವುದಿಲ್ಲ, ಹರಡುವುದನ್ನು ನಿಧಾನ ಮಾಡಬಹುದು ಅಷ್ಟೆ. ಎರಡಕ್ಕೂ ಔಷಧ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಅದೇ ಕೆಮ್ಮು, ಅದೇ ಏದುಸಿರು. ಒಳಗೆ ಬಾವು ಎಷ್ಟು, ಕಲೆ ಎಷ್ಟು ಎಂದು ಕತ್ತರಿ ಹಾಕದೆ ತೋರಿಸುವುದರಲ್ಲಿ ಎದೆಯ ಸ್ಕ್ಯಾನಿಗೆ ಸಮ ಇನ್ನೊಂದಿಲ್ಲ.

ಎಕ್ಸ್‌ರೇ ಸಾಲದೇ? ದೊಡ್ಡಾಯಿಗೆ ಮೊದಲು ತೆಗೆದದ್ದೂ ಎಕ್ಸ್‌ರೇಯೇ. "ಗೆರೆ ಸ್ವಲ್ಪ ಜಾಸ್ತಿ ಕಾಣ್ತವೆ" ಎಂದು ಹೇಳಿ ಆಂಟಿಬಯೋಟಿಕ್ ಕೊಟ್ಟರು. ಮುಗಿದ ಮೇಲೆ ಇನ್ನೊಂದು ಬಗೆಯದು ಕೊಟ್ಟರು. ಆಮೇಲೆ ಒಂದು ಕಡೆ ಟಿಬಿ ಇರಬಹುದು ಎಂದರು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಹೀಗೇ ನಾಲ್ಕು ತಿಂಗಳು ಹೋಯಿತು. ಅವರನ್ನು ದೂರಿ ಪ್ರಯೋಜನವಿಲ್ಲ. ಎಕ್ಸ್‌ರೇ ಅಂದರೆ ಎದೆಯ ನೆರಳು. ಮುಂದಿನ ಪಕ್ಕೆಲುಬು, ಹೃದಯ, ಶ್ವಾಸಕೋಶ, ಬೆನ್ನಿನ ಮೂಳೆ ಎಲ್ಲ ಒಂದರ ಮೇಲೊಂದು ಬಿದ್ದ ನೆರಳು. ಉಸಿರಾಟದ ತೊಂದರೆ ಶುರುವಾದ ಐಎಲ್‌ಡಿ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರ ಎಕ್ಸ್‌ರೇ ಏನೂ ಇಲ್ಲದಂತೆ ಕಾಣಬಹುದು ಎಂಬುದು ವೈದ್ಯರಿಗೆ ಹಳೆಯ ಅನುಭವ.

ಸಿಟಿ ಸ್ಕ್ಯಾನ್ ನೆರಳಲ್ಲ, ಹೋಳು. ಬಾಳೆದಿಂಡನ್ನು ಅಡ್ಡಕ್ಕೆ ಕೊಯ್ದು ತೆಳು ಬಿಲ್ಲೆ ಮಾಡುತ್ತೇವಲ್ಲ, ಹಾಗೆ. ದಿಂಡನ್ನು ಹೊರಗಿನಿಂದ ನೋಡಿದರೆ ನಯವಾಗಿರುತ್ತದೆ. ಬಿಲ್ಲೆ ಮಾಡಿದಾಗಲೇ ಒಳಗಿನ ನಾರು, ಸುತ್ತು, ತೂತು ಕಾಣುವುದು. ಯಂತ್ರದ ಬಳೆ ಸುತ್ತಲಿಂದಲೂ ಎಕ್ಸ್‌ರೇ ಹಾಯಿಸುತ್ತದೆ, ಎಲ್ಲಿ ಎಷ್ಟು ತಡೆಯಾಯಿತು ಎಂದು ಅಳೆಯುತ್ತದೆ, ಕಂಪ್ಯೂಟರ್ ಅದರಿಂದ ಬಿಲ್ಲೆಗಳನ್ನು ಕಟ್ಟುತ್ತದೆ. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಟ್ಟಿದ ಈ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರಲ್ಲಿ. 1979ರಲ್ಲಿ ಅವರಿಗೂ, ಇದರ ಗಣಿತ ಮಾಡಿದ ಆಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಂತು. ಇವತ್ತಿಗೂ ಚಿತ್ರದ ಕಪ್ಪು ಬಿಳಿಯನ್ನು ಅಳೆಯುವುದು ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲೇ. ನೀರಿಗೆ ಸೊನ್ನೆ. ಗಾಳಿಗೆ ಮೈನಸ್ 1000. ಚೆನ್ನಾಗಿರುವ ಶ್ವಾಸಕೋಶ ಮೈನಸ್ 850ರ ಆಸುಪಾಸು. ಅಂದರೆ ಅದರಲ್ಲಿ ಬಹುಪಾಲು ಗಾಳಿಯೇ. ಅದಕ್ಕೇ ಅದು ಕಪ್ಪು. ಗಾಳಿ ಇರಬೇಕಾದ ಕಡೆ ಬಾವೋ ನೀರೋ ಕಲೆಯೋ ಬಂದು ಕೂತರೆ ಬಿಳುಪೇರುತ್ತದೆ. ಜಗಲಿಯ ಜಗಳದಲ್ಲಿ ಗೆದ್ದದ್ದು ಬಿಳಿಯ ಪಕ್ಷ.

ಐಎಲ್‌ಡಿಗೆ ಮಾಡುವುದು ಎಚ್‌ಆರ್‌ಸಿಟಿ, ಅಂದರೆ ಒಂದು, ಒಂದೂವರೆ ಮಿಲಿಮೀಟರ್‌ನಷ್ಟು ತೆಳು ಬಿಲ್ಲೆಗಳ ಸ್ಕ್ಯಾನ್. ಬಿಲ್ಲೆ ದಪ್ಪವಾದರೆ ಸೂಕ್ಷ್ಮ ಗೆರೆಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಇದಕ್ಕೆ ಸಾಮಾನ್ಯವಾಗಿ ಕೈಗೆ ಬಣ್ಣದ ಇಂಜೆಕ್ಷನ್ ಬೇಕಾಗುವುದಿಲ್ಲ. ಬೇಕಾದದ್ದು ರೋಗಿಯ ಉಸಿರು. ಒಳಗೆ ಹೋಗುವ ಮೊದಲು ಇದನ್ನು ಅಭ್ಯಾಸ ಮಾಡಿಸಿದರೆ ಎಷ್ಟು ಒಳ್ಳೆಯದು ಎಂದು ನನಗೆ ಆಮೇಲೆ ಅನ್ನಿಸಿತು. ಪೂರ್ತಿ ಉಸಿರು ಎಳೆದು ಹಿಡಿದುಕೊಂಡಾಗ ಒಂದು ಸಲ ತೆಗೆಯುತ್ತಾರೆ. ಅರ್ಧ ಉಸಿರಲ್ಲಿ ತೆಗೆದರೆ ಶ್ವಾಸಕೋಶ ಸರಿಯಾಗಿ ಅರಳದೆ, ಇಲ್ಲದ ಬಾವು ಇದ್ದಂತೆ ಕಾಣುತ್ತದೆ. ಆಮೇಲೆ ಉಸಿರನ್ನು ಪೂರ್ತಿ ಬಿಟ್ಟು ಇನ್ನೊಂದು ಸಲ. ಕೆಲವೊಮ್ಮೆ ಬೋರಲು ಮಲಗಿಸಿ ಮತ್ತೊಂದು ಸಲ. ಅಂಗಾತ ಮಲಗಿದಾಗ ಭಾರಕ್ಕೆ ಬೆನ್ನಿನ ಕಡೆಯ ಶ್ವಾಸಕೋಶ ತುಸು ಅಮುಕಿ ಬೆಳ್ಳಗೆ ಕಾಣುತ್ತದೆ. ಬೋರಲು ಮಲಗಿದಾಗ ಆ ಬಿಳುಪು ಹೋದರೆ ಅದು ಕಾಯಿಲೆಯಲ್ಲ, ಬರೀ ಭಾರ. ಉಳಿದರೆ ಕಾಯಿಲೆ.

ಈಗ ಚಿತ್ರ ಓದೋಣ.

ಜುಲೈ ತಿಂಗಳ ಬೆಳಿಗ್ಗೆ ನಮ್ಮ ಅಡಿಕೆ ತೋಟಕ್ಕೆ ಮಂಜು ಇಳಿಯುತ್ತದೆ. ಬೆಳ್ಳಗೆ, ಮಬ್ಬಾಗಿ. ಆದರೆ ಮಂಜಿನೊಳಗೂ ಅಡಿಕೆ ಮರದ ಕಂಬಗಳು ಕಾಣುತ್ತವೆ. ಸ್ಕ್ಯಾನಿನಲ್ಲಿ ಬಾವು ಹೆಚ್ಚಾಗಿ ಹೀಗೇ ಕಾಣುವುದು. ಮಬ್ಬು ಬಿಳುಪು, ಆದರೆ ಅದರೊಳಗಿನ ರಕ್ತನಾಳಗಳು ಇನ್ನೂ ಗೋಚರ. ವೈದ್ಯರು ಇದನ್ನು ಗ್ರೌಂಡ್ ಗ್ಲಾಸ್ ಎನ್ನುತ್ತಾರೆ, ಬಚ್ಚಲುಮನೆ ಕಿಟಕಿಯ ಉಜ್ಜಿದ ಗಾಜಿನ ಹಾಗೆ ಇರುತ್ತದೆಂದು. ನನಗೆ ಮಂಜೇ ಹತ್ತಿರ. ಮಂಜು ಇನ್ನೂ ದಟ್ಟವಾಗಿ ಒಂದು ಮರವೂ ಕಾಣದಂತಾದರೆ ಅದಕ್ಕೆ ಬೇರೆ ಹೆಸರು, ಕನ್ಸಾಲಿಡೇಶನ್. ಅಲ್ಲಿ ಗಾಳಿಚೀಲಗಳೇ ತುಂಬಿಹೋಗಿವೆ ಎಂದರ್ಥ. ನ್ಯುಮೋನಿಯಾದಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ಬಾವಿನ ಕೆಲವು ಕಾಯಿಲೆಗಳಲ್ಲೂ ಬರುತ್ತದೆ.

ಕಲೆಯ ಗುರುತು ಬೇರೆ. ಮೊದಲು ಮೀನಿನ ಬಲೆಯಂಥ ಸಣ್ಣ ಗೆರೆಗಳು ಕಾಣುತ್ತವೆ. ಆಮೇಲೆ ಆ ಗೆರೆಗಳು ಬಿಗಿದುಕೊಂಡು ಪಕ್ಕದ ಉಸಿರುಕೊಳವೆಗಳನ್ನು ಎಳೆಯುತ್ತವೆ. ಶ್ವಾಸಕೋಶದ ಅಂಚಿಗೆ ಹೋದ ಹಾಗೆ ಕೊಳವೆಗಳು ಸಣ್ಣದಾಗುತ್ತಾ ಹೋಗಬೇಕು. ಎಳೆತಕ್ಕೆ ಸಿಕ್ಕಿದವು ಸಣ್ಣದಾಗದೆ ಅಗಲವಾಗಿ, ಸೊಟ್ಟಗಾಗಿ ನಿಲ್ಲುತ್ತವೆ. ಸುಟ್ಟ ಚರ್ಮ ಪಕ್ಕದ ಬೆರಳನ್ನು ಎಳೆದು ಡೊಂಕು ಮಾಡುವುದನ್ನು ನೀವು ನೋಡಿರಬಹುದು, ಹಾಗೆ. ಕೊನೆಯ ಹಂತ ಜೇನಿನ ಎರಿ. ಅಂಚಿನ ಗಾಳಿಚೀಲಗಳು ಹಾಳಾಗಿ, ದಪ್ಪ ಗೋಡೆಯ ತೂತುಗಳು ಒಂದರ ಮೇಲೊಂದು ಸಾಲಾಗುತ್ತವೆ. ತುಡುವೆ ಜೇನಿನ ಎರಿ ಎತ್ತಿ ನೋಡಿದವರಿಗೆ ಈ ಚಿತ್ರವನ್ನು ವಿವರಿಸುವುದೇ ಬೇಡ. ಎರಿಯಾದ ಜಾಗ ಮತ್ತೆ ಶ್ವಾಸಕೋಶವಾಗುವುದಿಲ್ಲ.

ಏನು ಕಾಣುತ್ತದೆ ಎನ್ನುವಷ್ಟೇ ಮುಖ್ಯ, ಎಲ್ಲಿ ಕಾಣುತ್ತದೆ ಎನ್ನುವುದು. ಎರಿ ಶ್ವಾಸಕೋಶದ ತಳದಲ್ಲಿ, ಹೊರ ಅಂಚಿಗೆ ಅಂಟಿಕೊಂಡಂತೆ ಇದ್ದು, ರೋಗಿ ವಯಸ್ಸಾದವರಾಗಿದ್ದು, ಬೇರೆ ಕಾರಣ ಯಾವುದೂ ಸಿಗದಿದ್ದರೆ ಅದು ಐಪಿಎಫ್, ಅಂದರೆ ಕಾರಣ ತಿಳಿಯದೆ ಬರುವ ಕಲೆ. ಚಿತ್ರ ಅಷ್ಟು ಸ್ಪಷ್ಟವಾಗಿದ್ದರೆ ಎದೆ ಕೊಯ್ದು ಚೂರು ತೆಗೆಯುವ ಬಯಾಪ್ಸಿ ಬೇಕಾಗುವುದಿಲ್ಲ. ಮಬ್ಬು ತಳದಲ್ಲಿ ಇದ್ದರೂ ಅಂಚಿನ ಒಂದು ತೆಳು ಪಟ್ಟಿ ಮಾತ್ರ ಸ್ವಚ್ಛವಾಗಿ ಉಳಿದಿದ್ದರೆ, ವೈದ್ಯರು ಕೀಲು ನೋವು, ಚರ್ಮ ಬಿಗಿಯುವುದು, ಚಳಿಗೆ ಬೆರಳು ಬಿಳುಚುವುದು ಇದೆಯೇ ಎಂದು ಕೇಳುತ್ತಾರೆ. ಸಂಧಿವಾತ, ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮಾದಂಥ ಕಾಯಿಲೆಗಳು ಶ್ವಾಸಕೋಶಕ್ಕೂ ಇಳಿಯುತ್ತವೆ. ಸ್ಕ್ಲೆರೋಡರ್ಮಾದಲ್ಲಿ ಅದೇ ಸ್ಕ್ಯಾನಿನಲ್ಲಿ ಅನ್ನನಾಳ ಅಗಲವಾಗಿ ಕಂಡು ಗುಟ್ಟು ಬಿಟ್ಟುಕೊಡುವುದೂ ಇದೆ. ಸಾರ್ಕಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಸಣ್ಣ ಕಾಳುಗಳು ಶ್ವಾಸಕೋಶದ ಭಾಗಗಳ ನಡುವಿನ ಗೆರೆಯ ಮೇಲೆ ಮಣಿ ಪೋಣಿಸಿದಂತೆ ಕೂತಿರುತ್ತವೆ, ಎದೆಯ ನಡುವೆ ಎರಡೂ ಕಡೆ ದುಗ್ಧಗ್ರಂಥಿಯ ಗಂಟುಗಳು ದಪ್ಪವಾಗಿರುತ್ತವೆ. ಟಿಬಿಯಲ್ಲಿ ಕಾಳುಗಳು ಹೆಚ್ಚಾಗಿ ಮೊಗ್ಗು ಬಿಟ್ಟ ರೆಂಬೆಯಂತೆ ಕವಲೊಡೆದು ಕಾಣುತ್ತವೆ. ನಮ್ಮ ದೇಶದಲ್ಲಿ ಸಾರ್ಕಾಯ್ಡೋಸಿಸ್ ಇದ್ದವರು ಟಿಬಿ ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಳೆಯುವುದು ಅಪರೂಪವಲ್ಲ. ಕಾಳು ಎಲ್ಲಿ ಕೂತಿದೆ ಎಂಬ ಈ ಸಣ್ಣ ವ್ಯತ್ಯಾಸವೇ ಎಷ್ಟೋ ಸಲ ದಾರಿ ಬದಲಿಸುತ್ತದೆ.

ದೊಡ್ಡಾಯಿಯ ಚಿತ್ರ ಇವು ಯಾವುದರ ಹಾಗೂ ಇರಲಿಲ್ಲ. ಅದು ಕೌದಿಯ ಹಾಗಿತ್ತು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಬೇರೆ ಬೇರೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ. ಒಂದು ತುಂಡು ಮಬ್ಬು, ಪಕ್ಕದ್ದು ಸರಿ ಇರುವ ಬೂದು, ಅದರ ಪಕ್ಕದ್ದು ಬೇಕಾದ್ದಕ್ಕಿಂತ ಕಪ್ಪು. ಹುಬ್ಬಳ್ಳಿಯಲ್ಲಿ ನಾವು ತೋರಿಸಿದ ವೈದ್ಯರು ಉಸಿರು ಬಿಟ್ಟು ತೆಗೆದ ಚಿತ್ರವನ್ನು ಪಕ್ಕದಲ್ಲಿ ಹಾಕಿದರು. ಉಸಿರು ಬಿಟ್ಟಾಗ ಗಾಳಿ ಹೊರಗೆ ಹೋಗಿ ಶ್ವಾಸಕೋಶವೆಲ್ಲ ತುಸು ಬೆಳ್ಳಗಾಗಬೇಕು. ಆದರೆ ಆ ಕಪ್ಪು ತುಂಡುಗಳು ಕಪ್ಪಾಗಿಯೇ ಉಳಿದಿದ್ದವು. "ನೋಡ್ರಿ, ಇಲ್ಲಿ ಗಾಳಿ ಸಿಕ್ಕೊಂಡದ. ಹೊರಗ ಬರ್ಲಿಕ್ಕೆ ದಾರಿ ಇಲ್ಲ" ಅಂದರು. ಅಂದರೆ ಗಾಳಿಚೀಲದ ಗೋಡೆಯಲ್ಲಿ ಮಾತ್ರವಲ್ಲ, ಅದಕ್ಕೆ ಹೋಗುವ ಸಣ್ಣ ಕೊಳವೆಯಲ್ಲೂ ಬಾವಿದೆ. ಎರಡೂ ಒಟ್ಟಿಗೆ ಕಂಡರೆ ಅನುಮಾನ ಹೋಗುವುದು ಒಂದೇ ಕಡೆ. ಉಸಿರಿನ ಜೊತೆ ಒಳಗೆ ಹೋದ ಏನೋ ಇದನ್ನು ಮಾಡುತ್ತಿದೆ.

ಅವರು ಪರದೆಯಿಂದ ಕಣ್ಣು ತೆಗೆದು ದೊಡ್ಡಾಯಿಯ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ಮನಿಯಾಗ ದನ ಅದಾವೇನ್ರಿ?"

ಆರು ಇದ್ದವು. ಕೊಟ್ಟಿಗೆಯ ಮೆತ್ತಿನ ಮೇಲೆ ಒಣಹುಲ್ಲು ಪೇರಿಸುವುದು ನಮ್ಮ ಮನೆಯ ಹಳೆಯ ಪದ್ಧತಿ. ಅದರ ಹಿಂದಿನ ವರ್ಷ ಹುಲ್ಲು ತರುವಾಗಲೇ ಅಕಾಲದ ಮಳೆಗೆ ಸಿಕ್ಕಿತ್ತು. ಸರಿಯಾಗಿ ಒಣಗಿಸದೆ ಪೇರಿಸಿದ್ದೆವು. ಒದ್ದೆ ಹುಲ್ಲು ರಾಶಿಯೊಳಗೆ ಕುದಿಯುತ್ತದೆ, ಕೈ ಹಾಕಿದರೆ ಬಿಸಿ ತಾಗುತ್ತದೆ. 50, 60 ಡಿಗ್ರಿ ಬಿಸಿಯಲ್ಲೇ ಚೆನ್ನಾಗಿ ಬೆಳೆಯುವ ಸೂಕ್ಷ್ಮಜೀವಿಗಳಿವೆ. ಅವುಗಳ ಜೊತೆ ಬೂಷ್ಟೂ ಸೇರುತ್ತದೆ. ಆ ಹುಲ್ಲನ್ನು ಎಳೆದು ಕೊಡವಿದಾಗ ಏಳುವ ಬೂದು ಬಣ್ಣದ ಧೂಳಿನಲ್ಲಿ ಇವುಗಳ ಬೀಜಕಣಗಳು ಲೆಕ್ಕವಿಲ್ಲದಷ್ಟು. ದೊಡ್ಡಾಯಿ ದಿನಾ ಎರಡು ಹೊತ್ತು, ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ, ಆ ಧೂಳಿನ ಕೆಳಗೆ ನಿಂತು ಹುಲ್ಲು ಎಳೆಯುತ್ತಿದ್ದಳು. ಸಂಜೆ ಮೈ ಬಿಸಿ, ಚಳಿ, ಕೆಮ್ಮು. ಮಾರನೇ ದಿನ ಇಳಿಯುತ್ತಿತ್ತು. ಮಳೆಗಾಲದ ಜ್ವರ ಎಂದೇ ಎಲ್ಲರೂ ತಿಳಿದೆವು. ಧೂಳು ಕುಡಿದ ನಾಲ್ಕರಿಂದ ಎಂಟು ಗಂಟೆಯ ಮೇಲೆ ಹೀಗಾಗುವುದೇ ಈ ಕಾಯಿಲೆಯ ಲಕ್ಷಣವಂತೆ. ಇಂಗ್ಲಿಷಿನಲ್ಲಿ ಇದಕ್ಕೆ ರೈತರ ಶ್ವಾಸಕೋಶ ಎಂಬರ್ಥದ ಹೆಸರೇ ಇದೆ. ದೊಡ್ಡ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ನ್ಯುಮೋನಿಯಾ ಅಲ್ಲ. ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಳಗೆ ಹೋದ ಧೂಳಿನ ಮೇಲೆ ಮೈಯ ರಕ್ಷಣಾ ಪಡೆಯೇ ಬೇಕಾದ್ದಕ್ಕಿಂತ ಜಾಸ್ತಿ ಮುಗಿಬಿದ್ದು ಮಾಡುವ ಬಾವು. ಒಂದೇ ಕೊಟ್ಟಿಗೆಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಬರುವುದಿಲ್ಲ. ಅಣ್ಣನಿಗೆ ಬರಲಿಲ್ಲ.

ಇದು ಅಪರೂಪದ ಕಾಯಿಲೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಭಾರತದ 19 ಊರುಗಳ 27 ಆಸ್ಪತ್ರೆಗಳಲ್ಲಿ 1084 ಐಎಲ್‌ಡಿ ರೋಗಿಗಳ ಲೆಕ್ಕ ಇಟ್ಟ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇಕಡಾ 47.3 ಜನರಿಗೆ ಇದೇ ಕಾಯಿಲೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮನೆಯಲ್ಲಿ ನೀರು ಹಾಕುವ ಏರ್ ಕೂಲರ್ ಇತ್ತು, ಹಕ್ಕಿಗಳ ಸಹವಾಸ ಇದ್ದವರೂ ಇದ್ದರು. ನಮ್ಮ ಜಿಲ್ಲೆಯಲ್ಲಿ ಕೂಲರ್ ಕಡಿಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ಮನೆಗಳಿವೆ, ಕಪಾಟಿನ ಹಿಂದೆ ಬೂಷ್ಟಿದೆ, ಸರಿಯಾಗಿ ಒಣಗದ ಹುಲ್ಲು, ದರಕು, ಬೂಷ್ಟು ಹಿಡಿದ ಅಡಿಕೆ ಸಿಪ್ಪೆ ಇದೆ. ಕಾರವಾರದಂಥ ಪೇಟೆಯಲ್ಲಾದರೆ ಅಪಾರ್ಟ್‌ಮೆಂಟ್ ಗ್ಯಾಲರಿಯಲ್ಲಿ ಗೂಡು ಕಟ್ಟುವ ಪಾರಿವಾಳ. ಪಾರಿವಾಳದ ಹಿಕ್ಕೆ, ಗರಿಯ ಪುಡಿಯಿಂದ ಬರುವ ಇದೇ ಕಾಯಿಲೆ ಗೊತ್ತಿರುವಂಥದ್ದೇ. ಹಾಗಾಗಿ ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕು. ಸ್ಕ್ಯಾನ್ ಚೀಟಿಯಲ್ಲಿ ಸುಮ್ನೆ "ಕೆಮ್ಮು" ಎಂದಷ್ಟೇ ಬರೆದಿದ್ದರೆ, ಚಿತ್ರ ಓದುವ ರೇಡಿಯಾಲಜಿಸ್ಟ್‌ಗೆ ಕೊಟ್ಟಿಗೆಯೂ ಗೊತ್ತಾಗುವುದಿಲ್ಲ, ಪಾರಿವಾಳವೂ ಗೊತ್ತಾಗುವುದಿಲ್ಲ. "ಕೊಟ್ಟಿಗೆ ಕೆಲಸ, ಹುಲ್ಲಿನ ಧೂಳು, ಒಂದು ವರ್ಷದಿಂದ" ಎಂಬ ನಾಲ್ಕು ಮಾತು ಅದೇ ಚಿತ್ರದ ಓದನ್ನೇ ಬದಲಿಸಬಲ್ಲದು.

ಚಿತ್ರ ಓದಿದ ಮೇಲೆ ಚಿಕಿತ್ಸೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ ಇದು.

ಬರೀ ಮಂಜು ಇದ್ದು ಕಲೆ ಇಲ್ಲದಿದ್ದರೆ ಭರವಸೆ ದೊಡ್ಡದು. ಕಾರಣದಿಂದ ದೂರವಿದ್ದರೆ ಅರ್ಧ ಕೆಲಸ ಆದ ಹಾಗೆ. ಬೇಕಾದರೆ ಸ್ಟಿರಾಯ್ಡ್ ಕೊಟ್ಟು ಬಾವನ್ನು ಬೇಗ ಇಳಿಸುತ್ತಾರೆ. ಅದನ್ನು ತುಂಬಾ ದಿನ ಕೊಡಬೇಕಾಗಿ ಬಂದರೆ ಮೈಕೋಫಿನೊಲೇಟ್, ಅಜಥಯೋಪ್ರಿನ್‌ನಂಥ ಬೇರೆ ಮಾತ್ರೆ ಸೇರಿಸಿ ಸ್ಟಿರಾಯ್ಡ್ ಇಳಿಸುತ್ತಾರೆ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. ಮಲಗಿದ್ದ ಟಿಬಿಯನ್ನು ಎಬ್ಬಿಸಲೂ ಬಹುದು. ಬೆಲೆ ತೆತ್ತು ಕೊಡುವ ಔಷಧ ಅದು. ಬೆಲೆ ತೆರಬೇಕಾದರೆ ಇಳಿಸಲು ಒಳಗೆ ಬಾವು ಇರಬೇಕು, ಅಲ್ವಾ?

ಬಾವಿಲ್ಲದೆ ಎರಿಯೇ ತುಂಬಿದ ಐಪಿಎಫ್‌ನಲ್ಲಿ ಏನಾಗುತ್ತದೆ ಎಂಬುದು ಕಹಿಯಾಗಿಯೇ ಗೊತ್ತಾಯಿತು. ಎಷ್ಟೋ ವರ್ಷ ಆ ರೋಗಿಗಳಿಗೂ ಸ್ಟಿರಾಯ್ಡ್ ಮತ್ತು ಅಜಥಯೋಪ್ರಿನ್ ಕೊಡುತ್ತಿದ್ದರು. ಅಮೆರಿಕದಲ್ಲಿ ಅವೆರಡರ ಜೊತೆ ಅಸಿಟೈಲ್‌ಸಿಸ್ಟೀನ್ ಸೇರಿಸಿ ಕೊಟ್ಟವರನ್ನೂ, ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟವರನ್ನೂ ಹೋಲಿಸಿ ನೋಡಿದರು. ಔಷಧ ತೆಗೆದುಕೊಂಡವರಲ್ಲೇ ಸಾವು ಹೆಚ್ಚು, ಆಸ್ಪತ್ರೆ ಸೇರುವುದೂ ಹೆಚ್ಚು. ಪ್ರಯೋಗದ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಮೇಲೆ, 2014ರಲ್ಲಿ, ಕಲೆ ಹರಡುವುದನ್ನು ನಿಧಾನ ಮಾಡುವ ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಕಲೆಯನ್ನು ಅಳಿಸುವುದಿಲ್ಲ. ಇಳಿಜಾರಿನಲ್ಲಿ ಓಡುವ ಗಾಡಿಗೆ ಬ್ರೇಕ್ ಒತ್ತಿದಂತೆ ವೇಗ ತಗ್ಗಿಸುತ್ತವೆ. ಐಪಿಎಫ್ ಅಲ್ಲದೆ ಬೇರೆ ಕಾರಣಕ್ಕೆ ಕಲೆ ಹರಡುತ್ತಿರುವವರಿಗೂ ನಿಂಟೆಡಾನಿಬ್ ಕೆಲಸ ಮಾಡುತ್ತದೆ ಎಂದು 2019ರಲ್ಲಿ ತಿಳಿಯಿತು. ಆ ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಿಕೊಳ್ಳುವಾಗ ಹಾಕಿದ ಒಂದು ಷರತ್ತು, ಸ್ಕ್ಯಾನಿನಲ್ಲಿ ಶ್ವಾಸಕೋಶದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಕಲೆ ಇರಬೇಕು ಎಂದು. ಔಷಧ ಯಾರಿಗೆ ಎಂದು ನಿರ್ಧರಿಸುವುದರಲ್ಲಿ ಚಿತ್ರ ಇಷ್ಟು ಮುಖ್ಯ.

ದೊಡ್ಡಾಯಿಯದು ನಡುವಿನ ಸ್ಥಿತಿ. ಮಂಜು ಜಾಸ್ತಿ, ಅಲ್ಲಲ್ಲಿ ಬಲೆ ಹೆಣೆಯಲು ಶುರುವಾಗಿತ್ತು. ಎರಿ ಇರಲಿಲ್ಲ. "ಇನ್ನೊಂದು ವರ್ಷ ತಡಾ ಮಾಡಿದ್ರ ಕಷ್ಟ ಇತ್ತು" ಎಂದರು ವೈದ್ಯರು. ಆ ನಾಲ್ಕು ತಿಂಗಳ ನೆನಪಾಗಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆದರೆ ಸ್ಕ್ಯಾನ್ ಒಂದನ್ನೇ ನಂಬಿ ಕೂರುವುದೂ ತಪ್ಪು. ಮಂಜು ಕಂಡರೆ ಅದು ಬಾವೇ ಆಗಬೇಕೆಂದಿಲ್ಲ. ವೈರಸ್ ಸೋಂಕು, ಹೃದಯ ಸೋತು ಶ್ವಾಸಕೋಶದಲ್ಲಿ ತುಂಬಿದ ನೀರು, ಒಳಗಿನ ರಕ್ತಸ್ರಾವ, ಎಲ್ಲವೂ ಹಾಗೇ ಕಾಣುತ್ತವೆ. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ಊರೂರಲ್ಲಿ "ಸ್ಕೋರ್ 25ಕ್ಕೆ ಎಷ್ಟು" ಎಂದು ಕೇಳುತ್ತಿದ್ದುದು ಇದೇ ಮಂಜಿನ ಲೆಕ್ಕ. ಯಂತ್ರದ ಕಣ್ಣಿಗೂ ಸಿಗದಷ್ಟು ಸಣ್ಣ ಕಲೆಯ ಗೆರೆಗಳು ಒತ್ತೊತ್ತಾಗಿ ಇದ್ದರೆ ಅವೂ ಮಂಜಿನಂತೆ ಕಾಣುತ್ತವೆ. ಆ ಮಂಜಿನೊಳಗೆ ಕೊಳವೆ ಸೊಟ್ಟಗೆ ಎಳೆದುಕೊಂಡಿದ್ದರೆ ಅದು ವೇಷ ಹಾಕಿದ ಕಲೆ ಎಂದು ಪಳಗಿದ ಕಣ್ಣು ಗುರುತಿಸುತ್ತದೆ. ಅದಕ್ಕೇ ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ವೈದ್ಯರು, ರೇಡಿಯಾಲಜಿಸ್ಟ್, ಸಂಧಿವಾತದ ವೈದ್ಯರು, ಬಯಾಪ್ಸಿ ಮಾಡಿದ್ದರೆ ಪೆಥಾಲಜಿಸ್ಟ್ ಒಟ್ಟಿಗೆ ಕೂತು ಚಿತ್ರ ನೋಡುತ್ತಾರೆ. ಅಂಥ ಅವಕಾಶ ಇರುವ ಕಡೆ ಒಮ್ಮೆ ತೋರಿಸುವುದು, ದೂರವಾದರೂ, ಸಾರ್ಥಕ ಎಂಬುದು ನನ್ನ ಅಭಿಪ್ರಾಯ.

ಚಿತ್ರ ಹೇಗಿದೆ ಎಂಬುದರ ಜೊತೆ ಕೆಲಸ ಹೇಗೆ ನಡೆದಿದೆ ಎಂದೂ ನೋಡಬೇಕು. ಕೊಳವೆಗೆ ಊದಿಸಿ ಪೂರ್ತಿ ಉಸಿರು ಎಷ್ಟು ಲೀಟರ್ ಎಂದು ಅಳೆಯುತ್ತಾರೆ, ಅದು ಎಫ್‌ವಿಸಿ. ಗಾಳಿ ರಕ್ತಕ್ಕೆ ಎಷ್ಟು ದಾಟುತ್ತದೆ ಎಂದು ಅಳೆಯುವುದು ಡಿಎಲ್‌ಸಿಒ. ಆರು ನಿಮಿಷ ನಡೆಸಿ ಆಮ್ಲಜನಕ ಎಷ್ಟು ಇಳಿಯಿತು ಎಂದು ಬೆರಳಿಗೆ ಕ್ಲಿಪ್ ಹಾಕಿ ನೋಡುತ್ತಾರೆ. ಕೊರೊನಾ ಕಾಲದಲ್ಲಿ ಮನೆ ಮನೆಗೆ ಬಂದ ಆ ಆಕ್ಸಿಮೀಟರ್ ಈಗ ನಮ್ಮನೆಯ ದೇವರ ಗೂಡಿನ ಪಕ್ಕ ಇದೆ. ಕೂತಾಗ 97 ಇದ್ದದ್ದು ತೋಟದಿಂದ ಹತ್ತಿ ಬಂದಾಗ 88 ಆಗುತ್ತಿತ್ತು. ಕೂತು ನೋಡಿ ಸರಿಯಿದೆ ಎಂದುಕೊಂಡದ್ದೇ ನಮ್ಮ ತಪ್ಪಾಗಿತ್ತು.

ಮತ್ತೆ ಸ್ಕ್ಯಾನ್ ಯಾವಾಗ? ಪ್ರತಿ ಭೇಟಿಗೂ ಅಲ್ಲ. ಎದೆಯ ಒಂದು ಎಕ್ಸ್‌ರೇಯಿಂದ ಮೈಗೆ ತಾಗುವ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಸಾಮಾನ್ಯ ಎದೆಯ ಸಿಟಿಗೆ 5ರಿಂದ 7. ಮಣ್ಣು, ಕಲ್ಲು, ಆಕಾಶದಿಂದ ಸುಮ್ಮನಿದ್ದರೂ ಮನುಷ್ಯನಿಗೆ ವರ್ಷಕ್ಕೆ ತಾಗುವುದು ಪ್ರಪಂಚದ ಸರಾಸರಿಯಲ್ಲಿ 2.4. ಅಂದರೆ ಒಂದು ಸಿಟಿ ಎಂದರೆ ಎರಡು ಮೂರು ವರ್ಷದ ಸಹಜ ವಿಕಿರಣ. ಬೇಕಾದಾಗ ಹೆದರಿ ಬಿಡುವಂಥದ್ದಲ್ಲ, ಬೇಡದಾಗ ಮಾಡಿಸುವಂಥದ್ದೂ ಅಲ್ಲ. ಅನುಸರಣೆಗೆ ಕಡಿಮೆ ಡೋಸ್‌ನಲ್ಲೂ ತೆಗೆಯಬಹುದು. ಉಸಿರು ಊದುವ ಪರೀಕ್ಷೆಯನ್ನು ಮೂರ್ನಾಲ್ಕು ತಿಂಗಳಿಗೊಮ್ಮೆ ಮಾಡಿ, ಅಂಕಿ ಇಳಿದರೆ ಅಥವಾ ರೋಗಿಗೆ ಜಾಸ್ತಿಯಾದರೆ ಸ್ಕ್ಯಾನ್ ಮಾಡುವುದು ರೂಢಿ. ಕಲೆ ಹರಡುತ್ತಿದೆ ಎನ್ನಬೇಕಾದರೆ ಒಂದು ವರ್ಷದೊಳಗೆ ಮೂರರಲ್ಲಿ ಎರಡಾದರೂ ಕಾಣಬೇಕು: ರೋಗಿಗೆ ತೊಂದರೆ ಹೆಚ್ಚಿರುವುದು, ಉಸಿರಿನ ಅಂಕಿ ಇಳಿದಿರುವುದು, ಸ್ಕ್ಯಾನಿನಲ್ಲಿ ಕಲೆ ಬೆಳೆದಿರುವುದು. 2022ರಿಂದ ವೈದ್ಯರು ಹಿಡಿದಿರುವ ಅಳತೆ ಇದು.

ಬೆಳೆದಿದೆ ಎಂದು ಹೇಳಲು ಹಳೆಯದು ಕೈಯಲ್ಲಿರಬೇಕು. ದಯವಿಟ್ಟು ಹಳೆಯ ಸ್ಕ್ಯಾನ್ ಬಿಸಾಡಬೇಡಿ. ಬರೀ ಫಿಲ್ಮ್ ಸಾಲದು. ಹಾಳೆಯಲ್ಲಿ ಇರುವುದು ನೂರಾರು ಬಿಲ್ಲೆಗಳಲ್ಲಿ ಆರಿಸಿದ ಕೆಲವು ಮಾತ್ರ, ಅದೂ ಅಂಚೆ ಚೀಟಿಗಿಂತ ತುಸು ದೊಡ್ಡದು. ಪೂರ್ತಿ ಚಿತ್ರ ಇರುವ ಸಿಡಿಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆಯಿರಿ. ನಾವು ಮೊದಲ ಸಲ ಅದನ್ನು ಕೇಳದೆ ಬಂದು, ಆಮೇಲೆ ಸಿಡಿಗಾಗಿಯೇ ಅಣ್ಣ 100 ಕಿಲೋಮೀಟರ್ ಹತ್ತಿರ ಹೋಗಿ ಬಂದ. ವರದಿಯ ಕಾಗದದಲ್ಲಿ "ಅಲ್ಪ ಬದಲಾವಣೆ" ಎಂದು ಇದ್ದರೂ, ಹಳೆಯ ಮತ್ತು ಹೊಸ ಬಿಲ್ಲೆಯನ್ನು ಪಕ್ಕಪಕ್ಕ ಇಟ್ಟಾಗಲೇ ಎಷ್ಟು ಅಲ್ಪ ಎಂದು ಕಾಣುವುದು.

ಎಂಟು ತಿಂಗಳಾದ ಮೇಲೆ ದೊಡ್ಡಾಯಿಗೆ ಎರಡನೇ ಸ್ಕ್ಯಾನ್ ಆಯಿತು. ಮೆತ್ತಿನ ಹುಲ್ಲನ್ನು ಅಷ್ಟೊತ್ತಿಗೆ ಖಾಲಿ ಮಾಡಿ, ದೂರದ ಮಾಡಿನಲ್ಲಿ ಚೆನ್ನಾಗಿ ಒಣಗಿದ್ದನ್ನು ಮಾತ್ರ ಇಟ್ಟಿದ್ದೆವು. ಎಳೆಯುವುದು ಅಣ್ಣ, ಅದೂ ಒಳ್ಳೆ ಮಾಸ್ಕ್ ಹಾಕಿ. ಸ್ಟಿರಾಯ್ಡ್ ಅರ್ಧಕ್ಕೆ ಇಳಿದಿತ್ತು. ವೈದ್ಯರು ಎರಡು ಚಿತ್ರವನ್ನು ಪರದೆಯ ಮೇಲೆ ಅಕ್ಕಪಕ್ಕ ಹಾಕಿ, ಎರಡನ್ನೂ ಒಟ್ಟಿಗೆ ಮೇಲಿನಿಂದ ಕೆಳಗೆ ಓಡಿಸಿದರು. ಎಡಗಡೆಯ ಚಿತ್ರದಲ್ಲಿ ಮಂಜು. ಬಲಗಡೆಯದರಲ್ಲಿ ಅದೇ ಜಾಗದಲ್ಲಿ ಕಪ್ಪು, ಅದರೊಳಗೆ ರಕ್ತನಾಳಗಳು ಬಿಸಿಲಿಗೆ ನಿಂತ ಅಡಿಕೆ ಮರದಂತೆ ಚೊಕ್ಕ. ಒಂದೆರಡು ಕಡೆಯ ಬಲೆ ಹಾಗೇ ಇತ್ತು. ಬೆಳೆದಿರಲಿಲ್ಲ. "ಇದು ಇಷ್ಟೇ ಉಳೀತದ. ಇದನ್ನ ಬೆಳೀಲಿಕ್ಕೆ ಬಿಡೂದು ಬ್ಯಾಡ" ಎಂದು ಬೆರಳಿಟ್ಟು ತೋರಿಸಿದರು.

ದೊಡ್ಡಾಯಿ ಪರದೆಯನ್ನು ತುಂಬಾ ಹೊತ್ತು ನೋಡಿದಳು. ಜಗಲಿಯಲ್ಲಿ ಇಷ್ಟು ಜನ ನೋಡಿದ ಚಿತ್ರವನ್ನು ಅವಳು ಸರಿಯಾಗಿ ನೋಡಿದ್ದು ಅವತ್ತೇ ಮೊದಲು. ಆಮೇಲೆ ಕೇಳಿದಳು: "ಹಂಗಾರೆ ದನಕ್ಕೆ ಹುಲ್ಲು ಹಾಕಲೆ ಅಡ್ಡಿಲ್ಯಾ?"

ವೈದ್ಯರಿಗೆ ಮಾತು ಪೂರ್ತಿ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹೇಳಿದೆ. "ಹಸಿ ಹುಲ್ಲು ಹಾಕ್ರಿ ಅಮ್ಮಾ, ಅಂಗಳದಾಗ ನಿಂತು" ಎಂದರು. "ಆ ಮಾಡಿನ ಕಡೆ ಮಾತ್ರ ಹೋಗಬ್ಯಾಡ್ರಿ."